ಗೋಡೆ ದಾಟುವ ಸದ್ದು

ನೆರೆಮನೆಯವರು ದೂರು ಹೇಳುವುದರಲ್ಲಿ ಎರಡು ಬಗೆಯುಂಟು. ಗೇಟಿನ ಹೊರಗೇ ನಿಂತು ನಾಲ್ಕು ಮಾತನ್ನು ಗಟ್ಟಿಯಾಗಿ ಆಡಿ ಹೋಗುವವರು ಒಂದು ಬಗೆ. ಒಳಗೆ ಬಂದು, ಕುಳಿತು, ಕಾಫಿ ಕುಡಿದು, ಲೋಕಾಭಿರಾಮವೆಲ್ಲ ಮುಗಿದ ಮೇಲೆ, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ವಿಷಯವೆತ್ತುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಎದುರುತ್ತರ ಕೊಡಬಹುದು. ಎರಡನೆಯವರಿಗೆ ಕೊಡಲು ಬಾಯಿ ಬರುವುದಿಲ್ಲ. ಕುಮಾರ ಪಾರ್ಕಿನ ನಮ್ಮ ಬೀದಿಯಲ್ಲಿ ಎದುರು ಮನೆಯ ಹಿರಿಯರು ಎರಡನೆಯ ಬಗೆಗೆ ಸೇರಿದವರು. ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಮಲಗಿದ್ದು ಆಗತಾನೆ ಓಡಾಡತೊಡಗಿದ್ದರು. ಒಂದು ಬೆಳಿಗ್ಗೆ ಬಂದರು, ಕುಳಿತರು, ಕಾಫಿಯಾಯಿತು. ಹೊರಡುವಾಗ ಹೇಳಿದರು: "ಮೇಷ್ಟ್ರೇ, ರಾತ್ರಿ ನಿಮ್ಮ ಮನೆಯ ಕಾರು ಬಂದು ನಿಂತಾಗ ಯಾರೋ ಎದೆಯ ಮೇಲೆ ಮೆಲ್ಲಗೆ ಗುದ್ದಿದ ಹಾಗಾಗುತ್ತದೆ. ಹಾಡು ಏನೂ ಕೇಳಿಸುವುದಿಲ್ಲ. ಹಾಡು ಕೇಳಿಸಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ."

ನಾನು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿದವನು. ಅಲೆ, ಕಂಪನ, ಅನುನಾದ ಎಂದು ಕರಿಹಲಗೆಯ ಮೇಲೆ ನಾನು ಬರೆದದ್ದಕ್ಕೆ ಲೆಕ್ಕವಿಲ್ಲ. ಆದರೂ ಆ ಶಾಸ್ತ್ರದ ಒಂದು ಅಧ್ಯಾಯವೆಲ್ಲ ಅವರ ಕೊನೆಯ ಮಾತಿನಲ್ಲಿ ಅಡಗಿದೆ ಎಂಬುದು ನನಗೆ ಹೊಳೆದದ್ದು ಅವರು ಗೇಟು ದಾಟಿ ಹೋದ ಮೇಲೆ. ಈ ಊರಿನ ಸದ್ದುಗದ್ದಲದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರೆಲ್ಲ ಸಾಮಾನ್ಯವಾಗಿ ಸದ್ದನ್ನು ಸಹಿಸುವವರ ಪಕ್ಷದಲ್ಲಿ ನಿಂತು ಬರೆಯುತ್ತಾರೆ. ನಾನು ಸದ್ದು ಮಾಡಿದವರ ಮನೆಯಿಂದ ಬರೆಯುತ್ತಿದ್ದೇನೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಸದ್ದು ಮಾಡಿದವನು ನನ್ನ ಮೊಮ್ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಒಳ್ಳೆಯ ಹುಡುಗ, ಸಂಗೀತವೆಂದರೆ ಪ್ರಾಣ. ಅವನ ಅಪ್ಪನ ಹಳೆಯ ಕಾರು ಅವನ ಕೈಗೆ ಬಂದಿತು. ಕೂಡಿಟ್ಟ ಹಣದಲ್ಲಿ ಅವನು ಮೊದಲು ಮಾಡಿದ ಕೆಲಸವೆಂದರೆ ಕಾರುಗಳನ್ನು ಸಿಂಗರಿಸುವ ಅಂಗಡಿಗಳು ಸಾಲುಗಟ್ಟಿರುವ ಜೆ.ಸಿ. ರಸ್ತೆಗೆ ಹೋಗಿ, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ ಇಡಿಸಿಕೊಂಡು ಬಂದದ್ದು. ಇದು ಏನೆಂದು ತಿಳಿಯದವರಿಗಾಗಿ ಒಂದು ಮಾತು: ಕಾರಿನ ಬಾಗಿಲುಗಳಲ್ಲಿರುವ ಅಂಗೈಯಗಲದ ಸ್ಪೀಕರುಗಳು ತೀರ ಕೆಳಗಿನ ಸ್ವರಗಳನ್ನು ಹೊರಡಿಸಲಾರವು. ಆ ಸ್ವರಗಳಿಗೆ ಹೆಚ್ಚು ಗಾಳಿಯನ್ನು ನೂಕಬೇಕು. ಅದಕ್ಕೆ ಅಗಲವಾದ ಹಾಳೆ ಬೇಕು. ಹತ್ತು ಹನ್ನೆರಡು ಅಂಗುಲ ಅಗಲದ ಅಂಥ ಒಂದು ಸ್ಪೀಕರನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಅದಕ್ಕೆಂದೇ ಒಂದು ಆಂಪ್ಲಿಫಯರನ್ನು ಕೊಟ್ಟರೆ ಅದು ಸಬ್‌ವೂಫರ್. ಸೆಕೆಂಡಿಗೆ 20ರಿಂದ 80 ಅಥವಾ 100 ಕಂಪನಗಳವರೆಗಿನ ಮಂದ್ರನಾದವಷ್ಟೇ ಅದರ ಪಾಲಿನ ಕೆಲಸ.

ನೆರೆಯವರ ಮಾತನ್ನು ಹುಡುಗನಿಗೆ ತಿಳಿಸಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ತಾತ, ನಾನು ಜೋರಾಗಿ ಹಾಕಿರಲೇ ಇಲ್ಲ. ಕಿಟಕಿ ಬೇರೆ ಮುಚ್ಚಿರುತ್ತೆ. ಬೇಕಿದ್ರೆ ನೋಡಿ," ಎಂದು ಕಾರನ್ನು ಚಾಲೂ ಮಾಡಿ, ಹಾಡು ಹಾಕಿ, ಫೋನನ್ನು ಹಿಡಿದುಕೊಂಡು ಗೇಟಿನ ಬಳಿ ನಿಂತು ತೋರಿಸಿದ. ಫೋನಿನೊಳಗಿನ ಮಾಪಕ 50 ಡೆಸಿಬೆಲ್ ಎಂದಿತು. "ಇಬ್ಬರು ಕೂತು ಮಾತಾಡಿದ್ರೂ ಇದಕ್ಕಿಂತ ಜಾಸ್ತಿ ಬರುತ್ತೆ." ಅವನು ಸುಳ್ಳು ಹೇಳುತ್ತಿರಲಿಲ್ಲ. ಎದುರು ಮನೆಯವರೂ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಸುಳ್ಳು ಎಲ್ಲಿತ್ತು? ಆ ಐವತ್ತರ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಗೋಡೆಯ ವಿಚಾರ.

ಗೋಡೆ ಸದ್ದನ್ನು ತಡೆಯುತ್ತದೆ ಎಂದು ನಾವು ನಂಬಿದ್ದೇವೆ. ಅದು ತಡೆಯುವುದೂ ನಿಜ. ಆದರೆ ಎಲ್ಲ ಸದ್ದನ್ನೂ ಸಮನಾಗಿ ಅಲ್ಲ. ತನ್ನ ಭಾರದಿಂದ ಗೋಡೆ ಸದ್ದನ್ನು ಎದುರಿಸುತ್ತದೆ. ಬೇಗ ಬೇಗ ಬಂದು ಬಡಿಯುವ ಸಣ್ಣ ಅಲೆಗೆ ಅಷ್ಟು ಭಾರವನ್ನು ಅಲುಗಿಸಲು ಬಿಡುವಿರುವುದಿಲ್ಲ. ನಿಧಾನವಾಗಿ ಬಂದು ನೂಕುವ ದೊಡ್ಡ ಅಲೆಗೆ ಬಿಡುವಿರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಕಂಪನಸಂಖ್ಯೆ ಅರ್ಧಕ್ಕಿಳಿದಂತೆಲ್ಲ ಗೋಡೆಯ ತಡೆ 6 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ಹೆಣ್ಣುಮಗಳೊಬ್ಬಳ ಹಾಡಿನ ದನಿ, ಕೊಳಲು, ವಯೊಲಿನ್ ಇವೆಲ್ಲ ಗೋಡೆಯ ಆಚೆಯೇ ಉಳಿದು, ಮಂದ್ರದ ಗುದ್ದು ಮಾತ್ರ ಒಳಕ್ಕೆ ಬರುತ್ತದೆ. ಬಂದದ್ದು ಕಿಟಕಿಯ ಗಾಜನ್ನೂ ಶೋಕೇಸಿನ ಲೋಟಗಳನ್ನೂ ಮಾತನಾಡಿಸುತ್ತದೆ. ಅಂದಮೇಲೆ ಗೋಡೆಯೂ ಒಂದು ಫಿಲ್ಟರ್. ಅದು ಹಾಡನ್ನು ಸೋಸಿ ತೆಗೆದು ಗುದ್ದನ್ನು ನೆರೆಯವರಿಗೆ ಕೊಡುತ್ತದೆ. ಸಂಗೀತದ ಸುಖವೆಲ್ಲ ಕಾರಿನೊಳಗಿನವನಿಗೆ; ಅದರ ಹೊರೆ ಎದುರು ಮನೆಯ ಹಾಸಿಗೆಯಲ್ಲಿರುವವರಿಗೆ. "ಹಾಡು ಕೇಳಿಸಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ" ಎಂಬ ಮಾತಿನ ಅರ್ಥ ಇದು.

ಇಷ್ಟು ಓದಿ, ಇದು ಮುದುಕನೊಬ್ಬ ಹೊಸಕಾಲದ ಸಂಗೀತವನ್ನು ಹಳಿಯುವ ಮಾಮೂಲು ಲೇಖನ ಎಂದು ತರುಣರು ಪುಟ ಮಗುಚಬಾರದು. ಮಂದ್ರನಾದದ ಮೇಲೆ ನನಗೆ ಹಗೆಯಿಲ್ಲ. ಕನ್ನಡ ನಾಡಿನಲ್ಲಿ ಹುಟ್ಟಿದವನಿಗೆ ಅದು ಸಾಧ್ಯವೂ ಇಲ್ಲ. ಡೊಳ್ಳು ಕುಣಿತದ ನಡುವೆ ನಿಂತವರಿಗೆ ನಾದ ಕಿವಿಯಿಂದಷ್ಟೇ ಅಲ್ಲ, ಹೊಟ್ಟೆಯಿಂದಲೂ ಒಳಗೆ ಹೋಗುತ್ತದೆಂಬುದು ಗೊತ್ತು. ಕಚೇರಿಗೆ ಮುಂಚೆ ಮೃದಂಗದವರು ಎಡ ಮುಖಕ್ಕೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುವುದನ್ನು ಗಾಯನ ಸಮಾಜದಲ್ಲಿಯೋ ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿಯೋ ಮುಂದಿನ ಸಾಲಿನಲ್ಲಿ ಕುಳಿತವರು ನೋಡಿಯೇ ಇರುತ್ತಾರೆ. ಆ ರವೆಯ ಭಾರದಿಂದ ಚರ್ಮದ ಕಂಪನ ನಿಧಾನವಾಗಿ ಸ್ವರ ಕೆಳಕ್ಕಿಳಿಯುತ್ತದೆ. ಬಲ ಮುಖದ ಕಪ್ಪು ಲೇಪದ ಕೆಲಸ ಇನ್ನೂ ಸೂಕ್ಷ್ಮ. ಬರಿಯ ಚರ್ಮವನ್ನು ಬಿಗಿದು ಬಡಿದರೆ ಏಳುವ ಮೇಲ್‌ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಭಾರವನ್ನು ಕ್ರಮವರಿತು ಮೆತ್ತಿದರೆ ಅವು ಸ್ವರಸಂಬಂಧಕ್ಕೆ ಬರುತ್ತವೆ. ಇದನ್ನು ಪ್ರಯೋಗದಿಂದ ತೋರಿಸಿ ಸಿ.ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಆ ಕೆಲಸವನ್ನು ಮುಂದುವರಿಸಿದರು. ಅವರು 1948ರಲ್ಲಿ ಕಟ್ಟಿದ ಸಂಶೋಧನಾಲಯ ನಮ್ಮ ಕುಮಾರ ಪಾರ್ಕಿಗೆ ದೂರವೇನೂ ಅಲ್ಲ. ನಾದವನ್ನು ಹುಟ್ಟಿಸಿದರೆ ಸಾಲದು, ಬೇಡದ್ದನ್ನು ಕಳೆದು ಬೇಕಾದದ್ದನ್ನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ವಾದ್ಯ ಮಾಡುವವರಿಗೆ ಯಾವ ಗಣಿತದ ನೆರವೂ ಇಲ್ಲದೆ ತಿಳಿದಿತ್ತು.

ಮೃದಂಗದ ರವೆ ಮಾಡುವ ಕೆಲಸವನ್ನು ವಿದ್ಯುತ್ತಿನಲ್ಲಿ ಮಾಡುವುದು ಫಿಲ್ಟರ್. ಈ ಮಾತು ನಮ್ಮ ಮನೆಗಳಿಗೆ ವಿಜ್ಞಾನದ ಪುಸ್ತಕದಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. ಆದರೆ ಕಾಫಿಯ ಹೋಲಿಕೆ ಇಲ್ಲಿ ಪೂರ್ತಿ ಸಲ್ಲದು. ಕಾಫಿಯಲ್ಲಿ ಕೆಳಗಿಳಿದದ್ದು ಡಿಕಾಕ್ಷನ್, ಮೇಲುಳಿದದ್ದು ಚರಟ. ಇಲ್ಲಿ ಎರಡೂ ಬೇಕು. ಜರಡಿಯ ಹೋಲಿಕೆ ಮೇಲು: ಹಿಟ್ಟು ಕೆಳಕ್ಕೆ, ರವೆ ಮೇಲಕ್ಕೆ, ಎರಡಕ್ಕೂ ಬೇರೆ ಬೇರೆ ಡಬ್ಬಿ. ಸಬ್‌ವೂಫರಿಗೆ ಮಂದ್ರ ಮಾತ್ರ ಹೋಗಬೇಕು, ಬಾಗಿಲಿನ ಸ್ಪೀಕರುಗಳಿಗೆ ಮಂದ್ರವನ್ನು ಬಿಟ್ಟು ಮಿಕ್ಕದ್ದು ಹೋಗಬೇಕು. ಇಂಥ ವಿದ್ಯುತ್ ಜರಡಿಯನ್ನು 1915ರ ಸುಮಾರಿಗೆ ಅಮೆರಿಕದಲ್ಲಿ ಜಾರ್ಜ್ ಕ್ಯಾಂಬೆಲ್, ಜರ್ಮನಿಯಲ್ಲಿ ಕಾರ್ಲ್ ವಿಲ್ಲಿ ವಾಗ್ನರ್ ಬೇರೆ ಬೇರೆಯಾಗಿ ರೂಪಿಸಿದರು. ಒಂದೇ ತಂತಿಯ ಮೇಲೆ ಹಲವು ಸಂಭಾಷಣೆಗಳನ್ನು ಕಳುಹಿಸಿ, ಆಚೆಯ ಕೊನೆಯಲ್ಲಿ ಬೇರ್ಪಡಿಸಿಕೊಳ್ಳುವುದಕ್ಕೆ ದೂರವಾಣಿಯವರಿಗೆ ಅದು ಬೇಕಾಗಿತ್ತು.

ಅದರ ತತ್ತ್ವ ಬಹಳ ಸರಳ. ತಂತಿಯ ಸುರುಳಿಯೊಂದು ಸೋಮಾರಿ ಎತ್ತಿನ ಹಾಗೆ: ನಿಧಾನವಾಗಿ ಎಳೆದರೆ ಬರುತ್ತದೆ, ಅತ್ತಿತ್ತ ಬೇಗ ಬೇಗ ಎಳೆದಾಡಿದರೆ ಇದ್ದಲ್ಲಿಂದ ಅಲುಗುವುದಿಲ್ಲ. ಕೆಪಾಸಿಟರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಚುರುಕಾದ ಕಂಪನಗಳಿಗೆ ದಾರಿ ಬಿಟ್ಟು ನಿಧಾನವಾದವನ್ನು ತಡೆಯುತ್ತದೆ. ಈ ಎರಡರಲ್ಲಿ ಯಾವುದನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಜರಡಿಯ ಕೆಲಸ ನಿಲ್ಲುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿಯೇ ಲೆಕ್ಕ ಹಾಕಬಹುದು. 10,000 ಓಮ್‌ಗಳ ಒಂದು ರೋಧಕ, 0.22 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಇವೆರಡನ್ನು ಜೋಡಿಸಿದರೆ 72 ಹರ್ಟ್ಸ್‌ನಲ್ಲಿ ಸೋಸತೊಡಗುವ ಫಿಲ್ಟರ್ ಸಿದ್ಧ. ಇಲ್ಲಿ 'ಸೋಸತೊಡಗುವ' ಎಂದೆನೇ ಹೊರತು 'ಕತ್ತರಿಸುವ' ಎನ್ನಲಿಲ್ಲ. ಫಿಲ್ಟರು ಕತ್ತಿಯಲ್ಲ, ಇಳಿಜಾರು. ಆ ಗಡಿಯಲ್ಲಿ ಶಕ್ತಿ ಅರ್ಧಕ್ಕಿಳಿಯುತ್ತದೆ. ಅಲ್ಲಿಂದ ಮುಂದೆ ಕಂಪನಸಂಖ್ಯೆ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತ ಹೋಗುತ್ತದೆ. ಇಂಥವನ್ನು ಒಂದರ ಮುಂದೊಂದು ಇಟ್ಟಹಾಗೆ ಮಾಡಿದರೆ ಇಳಿಜಾರು 12 ಆಗುತ್ತದೆ, 24 ಆಗುತ್ತದೆ. ಕಾರಿನ ಆಂಪ್ಲಿಫಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥ ಕಡಿದಾದ ಇಳಿಜಾರುಗಳೇ. ಅದರ ಗಡಿಯನ್ನು ಹಿಂದು ಮುಂದು ಮಾಡಲು ಒಂದು ಪುಟ್ಟ ತಿರುಪು ಇರುತ್ತದೆ.

ಮುಂದಿನ ಭಾನುವಾರ ತಾತನೂ ಮೊಮ್ಮಗನೂ ಡಿಕ್ಕಿಯನ್ನು ತೆರೆದು ಕುಳಿತೆವು. ಅಂಗಡಿಯವನು ಮಾಡಿಕೊಟ್ಟ ಕೆಲಸವನ್ನು ನೋಡಿ ನನಗೆ ಮೊದಲು ಆದದ್ದು ಭಯ. ಬ್ಯಾಟರಿಯಿಂದ ಹಿಂದಕ್ಕೆ ಬರುವ ದಪ್ಪನೆಯ ಕೆಂಪು ತಂತಿಗೆ ಎಲ್ಲಿಯೂ ಫ್ಯೂಸ್ ಇರಲಿಲ್ಲ. ಆ ತಂತಿಯ ಸಿಪ್ಪೆ ಎಲ್ಲಾದರೂ ತಗಡಿಗೆ ಉಜ್ಜಿ ಸವೆದರೆ ಬ್ಯಾಟರಿಯ ಪ್ರವಾಹವೆಲ್ಲ ಒಮ್ಮೆಗೇ ಹರಿದು ಕಾರು ಹೊತ್ತಿಕೊಳ್ಳಬಹುದು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಒಂದು ಮೊಳದೊಳಗೆ ಇರಬೇಕು. ಆಂಪ್ಲಿಫಯರಿನ ಬಳಿ ಇದ್ದರೆ ಆಂಪ್ಲಿಫಯರಿಗೆ ಕಾವಲಾದೀತು, ತಂತಿಗೆ ಆಗಲಾರದು. ಎರಡನೆಯದು, ಭೂಸಂಪರ್ಕದ ತಂತಿಯನ್ನು ಬಣ್ಣದ ಮೇಲೆಯೇ ತಿರುಪು ಹಾಕಿ ಬಿಗಿದಿದ್ದರು. ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ಬಿಗಿಯದಿದ್ದರೆ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಮೂರನೆಯದು, ವಿದ್ಯುತ್ತಿನ ತಂತಿ, ಸಂಗೀತದ ತಂತಿ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ತಂದಿದ್ದರು. ಇಂಜಿನ್ನಿನ ವೇಗ ಏರಿದಂತೆ ಹಾಡಿನ ಹಿಂದೆ ಒಂದು ಸಣ್ಣ ಊಳು ಏರುತ್ತಿದ್ದುದರ ಕಾರಣ ಈ ಎರಡು ತಪ್ಪುಗಳಲ್ಲಿತ್ತು. ಒಂದನ್ನು ಕಾರಿನ ಎಡಬದಿಯಲ್ಲಿ, ಇನ್ನೊಂದನ್ನು ಬಲಬದಿಯಲ್ಲಿ ತಂದು ಲೋಹವನ್ನು ಕೆರೆದು ಬಿಗಿದ ಮೇಲೆ ಊಳು ನಿಂತಿತು.

ನಾಲ್ಕನೆಯದೇ ನಮ್ಮ ಕಥೆಗೆ ಮುಖ್ಯವಾದದ್ದು. ಆಂಪ್ಲಿಫಯರಿನ ಫಿಲ್ಟರನ್ನು ಚಾಲೂ ಮಾಡಿರಲೇ ಇಲ್ಲ. ಅದರ ಸ್ವಿಚ್ಚು 'ಎಲ್ಲವೂ ಹೋಗಲಿ' ಎನ್ನುವ ಕಡೆಗಿತ್ತು. ಹುಡುಗನ ಕಾರಿನದು ಕಾರ್ಖಾನೆಯಿಂದಲೇ ಬಂದ ಸ್ಟೀರಿಯೊ. ಅದಕ್ಕೆ ಸಬ್‌ವೂಫರಿಗೆಂದು ಬೇರೆ ದಾರಿಯಿಲ್ಲ. ಆದ್ದರಿಂದ ಹಿಂಬಾಗಿಲಿನ ಸ್ಪೀಕರಿನ ತಂತಿಗಳಿಂದಲೇ ಸಂಕೇತವನ್ನು ಕವಲೊಡೆದು ಆಂಪ್ಲಿಫಯರಿಗೆ ಕೊಟ್ಟಿದ್ದರು. ಅದು ತಪ್ಪಲ್ಲ, ಸ್ಪೀಕರಿನ ತಂತಿಯಿಂದ ಸಂಕೇತ ಪಡೆಯುವ ಏರ್ಪಾಡು ಆ ಆಂಪ್ಲಿಫಯರಿನಲ್ಲಿಯೇ ಇತ್ತು. ಆದರೆ ಆ ತಂತಿಯಲ್ಲಿ ಬರುವುದು ಇಡೀ ಹಾಡು. ಅದನ್ನು ಸೋಸದೆ ಹನ್ನೆರಡು ಅಂಗುಲದ ಹಾಳೆಗೆ ಕೊಟ್ಟರೆ ಅದು ಗಾಯಕನ ದನಿಯನ್ನೂ ನುಂಗಿ, ಕೊಡದೊಳಗಿಂದ ಮಾತನಾಡಿದ ಹಾಗೆ ಹೊರಗೆ ಬಿಡುತ್ತದೆ. ಹಾಡು ಕಲಸಿಹೋಗಿದೆ ಎಂದು ಹುಡುಗನಿಗೂ ಅನ್ನಿಸಿತ್ತು. ಕಲಸಿದ್ದನ್ನು ತಿಳಿಯಾಗಿಸಲು ಅವನು ಮಾಡಿದ ಉಪಾಯ ಇನ್ನಷ್ಟು ಏರಿಸಿದ್ದು! ಅದರ ಜೊತೆಗೆ 'ಬಾಸ್ ಬೂಸ್ಟ್' ಎಂಬ ತಿರುಪು ಕೊನೆಯವರೆಗೂ ತಿರುಗಿತ್ತು. 45 ಹರ್ಟ್ಸ್‌ನ ಆಸುಪಾಸಿನಲ್ಲಿ ಅದು 12 ಡೆಸಿಬೆಲ್ ಸೇರಿಸುತ್ತದೆ. ಎಂದರೆ ಆ ಸ್ವರದಲ್ಲಿ ಹದಿನಾರು ಪಟ್ಟು ಶಕ್ತಿ. ನಮ್ಮ ನೆರೆಯವರ ಎದೆಯನ್ನು ಗುದ್ದಿದ್ದು ಆ ತಿರುಪು.

ಕಾರಿನೊಳಗೆ ಅಷ್ಟು ಶಕ್ತಿಯ ಅಗತ್ಯವೇ ಇಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಕಾರಿನ ಒಳಗಿನ ಜಾಗ ಅದರ ಅರ್ಧಕ್ಕೂ ಸಾಲದು. ಅಲ್ಲಿ ಅಲೆ ಹರಡಿಕೊಳ್ಳಲಾರದೆ, ಒಳಗಿನ ಗಾಳಿಯೆಲ್ಲ ಕಮ್ಮಾರನ ತಿದಿಯೊಳಗಿನ ಗಾಳಿಯಂತೆ ಒಟ್ಟಿಗೆ ಒತ್ತಿ ಸಡಿಲುತ್ತದೆ. ಹೀಗಾಗಿ ಸ್ವರ ಕೆಳಗಿಳಿದಷ್ಟೂ ಕಾರು ತಾನಾಗಿಯೇ ಅದನ್ನು ಹಿಗ್ಗಿಸಿ ಕೊಡುತ್ತದೆ. ಮನೆಯ ಹಜಾರದಲ್ಲಿ ಬೇಕಾಗುವ ಶಕ್ತಿಯ ಒಂದು ಪಾಲು ಇಲ್ಲಿ ಸಾಕು.

ಬೂಸ್ಟನ್ನು ಸೊನ್ನೆಗೆ ತಂದೆವು. ಫಿಲ್ಟರಿನ ಗಡಿಯನ್ನು 80ಕ್ಕೆ ಇಟ್ಟೆವು. ಅದಕ್ಕಿಂತ ಕೆಳಗಿನ ನಾದ ಯಾವ ದಿಕ್ಕಿನಿಂದ ಬಂತೆಂಬುದು ಕಿವಿಗೆ ತಿಳಿಯುವುದು ಕಷ್ಟ. ಆದ್ದರಿಂದ ಡಿಕ್ಕಿಯಲ್ಲಿರುವ ಪೆಟ್ಟಿಗೆಯ ಸದ್ದು ಮುಂದಿನಿಂದಲೇ ಬಂದಂತೆ ತೋರುತ್ತದೆ. ಮುಂದಿನ ಬಾಗಿಲುಗಳ ಪುಟ್ಟ ಸ್ಪೀಕರುಗಳನ್ನು ಮಂದ್ರದ ಹೊರೆಯಿಂದ ಬಿಡಿಸಲು ಎಸ್.ಪಿ. ರಸ್ತೆಯಿಂದ 1000 ಮೈಕ್ರೋಫ್ಯಾರಡ್‌ನ ನಾಲ್ಕು ಕೆಪಾಸಿಟರುಗಳನ್ನು ತಂದೆವು. ಎರಡೆರಡನ್ನು ಸಮಧ್ರುವಗಳು ಕೂಡುವಂತೆ ಬೆನ್ನಿಗೆ ಬೆನ್ನು ಜೋಡಿಸಿದರೆ ಧ್ರುವವಿಲ್ಲದ 500 ಮೈಕ್ರೋಫ್ಯಾರಡ್ ಆಗುತ್ತದೆ. 4 ಓಮ್‌ಗಳ ಸ್ಪೀಕರಿಗೆ ಅದನ್ನು ಸರಣಿಯಲ್ಲಿ ಸೇರಿಸಿದರೆ ಗಡಿ ಸರಿಯಾಗಿ 80 ಹರ್ಟ್ಸ್. ಲೆಕ್ಕ ಹಾಕಿದವನು ಹುಡುಗ. ಸರಿಯೆಂದು ತಲೆದೂಗಿದವನು ನಾನು. ಕೊನೆಗೆ ಉಳಿದದ್ದು ಪೆಟ್ಟಿಗೆಯೂ ಬಾಗಿಲಿನ ಸ್ಪೀಕರುಗಳೂ ಒಟ್ಟಿಗೆ ನೂಕುತ್ತವೆಯೋ ಎದುರುಬದುರು ಎಳೆದಾಡುತ್ತವೆಯೋ ನೋಡುವುದು. ಅದಕ್ಕೊಂದು ಸ್ವಿಚ್ಚಿದೆ. ಎರಡು ಕಡೆಗೂ ಹಾಕಿ ಕೇಳಿ, ನಾದ ತುಂಬಿ ಬಂದ ಕಡೆಗೆ ಬಿಟ್ಟೆವು.

ಆಮೇಲೆ ಮೃದಂಗದ ಒಂದು ತನಿ ಆವರ್ತನ ಹಾಕಿಸಿದೆ. ಬಲ ಮುಖದ ಚಾಪು ಎದುರಿನಿಂದ ಬಂತು. ಎಡ ಮುಖದ ಗುಮುಕಿ ನೆಲದಿಂದೆಂಬಂತೆ ಎದ್ದು, ಇರಬೇಕಾದಷ್ಟು ಹೊತ್ತು ಇದ್ದು, ಹೋಯಿತು. ಹುಡುಗ ಏನೂ ಹೇಳದೆ ತಾನೇ ಕೈ ಚಾಚಿ ಸದ್ದನ್ನು ಇನ್ನೂ ಸ್ವಲ್ಪ ಇಳಿಸಿದ. ಅವನು ಇಷ್ಟು ದಿನ ಏರಿಸುತ್ತಿದ್ದುದು ಕಾಣೆಯಾದದ್ದನ್ನು ಹುಡುಕಲು. ಅದು ಸಿಕ್ಕಿದ ಮೇಲೆ ಏರಿಸುವ ಕಾರಣ ಉಳಿಯಲಿಲ್ಲ.

ಇನ್ನು ಆ ಐವತ್ತು ಡೆಸಿಬೆಲ್‌ಗಳ ಲೆಕ್ಕ. ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಖಾಸಗಿ ಜಾಗದಲ್ಲಿ ನುಡಿಸುವ ಯಂತ್ರದ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು ಎಂದೂ ಇದೆ. ಒಳ್ಳೆಯ ನಿಯಮಗಳು. ಆದರೆ ಇಲ್ಲಿನ ಡೆಸಿಬೆಲ್ ಎಂಬುದು 'ಎ' ತೂಕದ ಡೆಸಿಬೆಲ್. ಕಾಲಾವಧಿಯ ಮೇಲೆ ಸರಾಸರಿ ತೆಗೆದದ್ದು. 'ಎ' ತೂಕವೆಂದರೆ ಮಾಪಕದೊಳಗೆ ಇಟ್ಟಿರುವ ಒಂದು ಫಿಲ್ಟರ್. ಮನುಷ್ಯನ ಕಿವಿ ಮಂದ್ರಕ್ಕೆ ಮಂದ. 1933ರಲ್ಲಿ ಫ್ಲೆಚರ್, ಮನ್ಸನ್ ಎಂಬಿಬ್ಬರು ಇದನ್ನು ಅಳೆದು ರೇಖೆಗಳನ್ನು ಎಳೆದರು. ಮೆಲುದನಿಗೆ ಹೊಂದುವ ಅಂಥ ಒಂದು ರೇಖೆಯಿಂದ 'ಎ' ತೂಕ ಬಂತು. ಅದರಂತೆ 100 ಹರ್ಟ್ಸ್‌ನ ಸದ್ದಿನಿಂದ 19 ಡೆಸಿಬೆಲ್‌ಗಳನ್ನು, 50 ಹರ್ಟ್ಸ್‌ನ ಸದ್ದಿನಿಂದ 30 ಡೆಸಿಬೆಲ್‌ಗಳನ್ನು ಮಾಪಕ ಕಳೆದುಬಿಡುತ್ತದೆ.

ಪರಿಣಾಮವನ್ನು ನೋಡಿ. 50 ಹರ್ಟ್ಸ್‌ನ ಒಂದು ನಾದ ನಮ್ಮ ಗೇಟಿನ ಬಳಿ ನಿಜವಾಗಿ 80 ಡೆಸಿಬೆಲ್ ಇದ್ದರೆ ಮಾಪಕ ಹೇಳುವುದು 50. ಕಾಯಿದೆ ತೃಪ್ತವಾಯಿತು, ಹುಡುಗನೂ ತೃಪ್ತನಾದ. ಸದ್ದು ಮೆಲ್ಲಗಿದ್ದಾಗ ಈ ಲೆಕ್ಕ ನ್ಯಾಯವಾದದ್ದೇ. ಆದರೆ ಸದ್ದು ಏರಿದಂತೆ ಮಂದ್ರದ ವಿಷಯದಲ್ಲಿ ಕಿವಿಯ ಕೊರತೆ ಕಡಿಮೆಯಾಗುತ್ತ ಬರುತ್ತದೆ. ಮಾಪಕದ ಕೊರತೆ ಕಡಿಮೆಯಾಗುವುದಿಲ್ಲ. ಅದೂ ಅಲ್ಲದೆ ಮಾಪಕ ಬೀದಿಯಲ್ಲಿ ನಿಲ್ಲುತ್ತದೆ, ಮನುಷ್ಯ ಗೋಡೆಯ ಹಿಂದೆ ಮಲಗಿರುತ್ತಾನೆ. ಗೋಡೆಯ ಫಿಲ್ಟರು ಮಂದ್ರವನ್ನು ಉಳಿಸಿ ಉಳಿದದ್ದನ್ನು ಕಳೆಯುತ್ತದೆ. ಕಾಯಿದೆಯ ಫಿಲ್ಟರು ಉಳಿದದ್ದನ್ನು ಇಟ್ಟುಕೊಂಡು ಮಂದ್ರವನ್ನು ಕಳೆಯುತ್ತದೆ. ರೋಗಿಯನ್ನು ಎಚ್ಚರಿಸಿದ್ದು ಯಾವುದೋ ಅದೊಂದನ್ನು ಬಿಟ್ಟು ಮಿಕ್ಕೆಲ್ಲದರ ಲೆಕ್ಕವೂ ದಾಖಲೆಯಲ್ಲಿರುತ್ತದೆ. ಹುಡುಗನಾಗಲಿ ನೆರೆಯವರಾಗಲಿ ಸುಳ್ಳು ಹೇಳಿರಲಿಲ್ಲ ಎಂದು ನಾನು ಅಂದದ್ದು ಇದಕ್ಕೆ.

ಇದಕ್ಕೆ ಪರಿಹಾರ ತಿಳಿಯದ್ದೇನಲ್ಲ. ಮಾಪಕಗಳಲ್ಲಿ 'ಸಿ' ತೂಕವೆಂಬ ಇನ್ನೊಂದು ಎಣಿಕೆಯಿದೆ. 50 ಹರ್ಟ್ಸ್‌ನಲ್ಲಿ ಅದು ಕಳೆಯುವುದು ಒಂದೂಕಾಲು ಡೆಸಿಬೆಲ್‌ನಷ್ಟು ಮಾತ್ರ. ಎರಡು ಎಣಿಕೆಗಳ ನಡುವೆ ದೊಡ್ಡ ಅಂತರ ಕಂಡರೆ ಅಲ್ಲಿ ಮಂದ್ರ ತುಂಬಿದೆ ಎಂದರ್ಥ. ಹತ್ತು ಡೆಸಿಬೆಲ್‌ಗಿಂತ ಹೆಚ್ಚಿನ ಅಂತರವಿದ್ದರೆ ಸದ್ದನ್ನು ಬಿಡಿಸಿ ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಷ್ಟು ಹಿಂದೆಯೇ ಸಲಹೆ ಮಾಡಿತ್ತು. ನಮ್ಮ ನಿಯಮಗಳಿಗೆ ಈ ಒಂದು ಸಾಲನ್ನು ಸೇರಿಸುವುದು ದೊಡ್ಡ ಕೆಲಸವಲ್ಲ. ಎರಡು ತೂಕಗಳನ್ನೂ ತೋರಿಸುವ ಮಾಪಕಗಳು ಅಪರೂಪವೂ ಅಲ್ಲ.

ಇದನ್ನು ಓದಿ ಕೆಲವರು ನಗಬಹುದು. ಹಾರನ್ನುಗಳ ಹಾವಳಿಯನ್ನೇ ತಡೆಯಲಾರದ ಊರಿನಲ್ಲಿ 50 ಹರ್ಟ್ಸ್‌ನ ವಿಚಾರವೇ? ಪೊಲೀಸರಿಗೆ ಬೇರೆ ಕೆಲಸವಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಕುಮಾರ ಪಾರ್ಕು ಎಂದೂ ಪೂರ್ತಿ ನಿಶ್ಶಬ್ದವಾಗಿದ್ದ ಜಾಗವಲ್ಲ ಎಂಬುದನ್ನೂ ಒಪ್ಪುತ್ತೇನೆ. 1927ರಲ್ಲಿ ಗಾಂಧೀಜಿಯವರು ನಂದಿ ಬೆಟ್ಟದಿಂದ ಇಳಿದು ಬಂದು ಸುಧಾರಿಸಿಕೊಳ್ಳಲು ತಂಗಿದ್ದ ಜಾಗವಾದರೂ ಪಕ್ಕದಲ್ಲಿಯೇ ರೈಲಿನ ಹಾದಿಯಿದೆ. ಇರುಳು ಗಾಡಿ ಹೋದಾಗ ಹಳೆಯ ಮನೆಗಳ ತೊಲೆಗಳು ಇಂದಿಗೂ ಸಣ್ಣಗೆ ನಡುಗುತ್ತವೆ. ಆ ನಡುಕ ನಮಗೆ ರೂಢಿಯಾಗಿದೆ. ರೈಲು ನೂರಾರು ಜನರನ್ನು ಊರಿಗೆ ಮುಟ್ಟಿಸುತ್ತದೆ, ಬಂದದ್ದು ಹೋಗುತ್ತದೆ, ಅದರ ವೇಳೆ ನಮಗೆ ಗೊತ್ತು. ಡೊಳ್ಳಿನ ನಾದವೂ ಹಾಗೆಯೇ, ಊರೆಲ್ಲ ಒಪ್ಪಿ ಬಯಲಿನಲ್ಲಿ ಕೂಡಿದಾಗ ಏಳುವಂಥದು. ಕಾರಿನೊಳಗೆ ಒಬ್ಬನೇ ಕುಳಿತು ಬಡಿಸುವ ಡೊಳ್ಳಿಗೆ ಯಾರ ಒಪ್ಪಿಗೆಯೂ ಇಲ್ಲ. ಕಿಟಕಿ ಮುಚ್ಚಿದರೆ ಕಾರು ತನ್ನ ಕೋಣೆಯೆಂದು ಅವನು ತಿಳಿಯುತ್ತಾನೆ. ತೆಳುವಾದ ತಗಡಿನ ಆ ಕೋಣೆಯಿಂದ ಹಾಡು ಹೊರಗೆ ಹೋಗುವುದಿಲ್ಲವೆಂಬುದು ನಿಜ. ಗುದ್ದು ಹೋಗುತ್ತದೆಂಬುದು ಒಳಗೆ ಕುಳಿತವನಿಗೆ ಎಂದಿಗೂ ತಿಳಿಯುವುದಿಲ್ಲ.

ಆದ್ದರಿಂದಲೇ ಪೊಲೀಸರಿಗಿಂತ ಮೊದಲು ಮೇಷ್ಟ್ರುಗಳಿಗೆ ನನ್ನ ಬಿನ್ನಹ. ರೋಧಕ, ಕೆಪಾಸಿಟರ್ ಎರಡನ್ನು ಜೋಡಿಸಿ ಗ್ರಾಫ್ ಬರೆಸುವ ಪ್ರಯೋಗವನ್ನು ನಾವೆಲ್ಲ ಮಾಡಿಸುತ್ತೇವೆ, ಅಂಕ ಕೊಡುತ್ತೇವೆ, ಮರೆಯುತ್ತೇವೆ. ಆ ಗ್ರಾಫಿನ ಪಕ್ಕದಲ್ಲಿ ಒಂದು ಸ್ಪೀಕರನ್ನು ಇಟ್ಟು, ಹುಡುಗರನ್ನು ಗೋಡೆಯ ಆಚೆಗೆ ಕಳುಹಿಸಿ, ಏನು ಕೇಳಿಸಿತು ಎಂದು ಕೇಳಬೇಕು. ನಾನು ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಲಿಲ್ಲ. ಎದುರು ಮನೆಯವರು ಬಂದು ಆ ಪ್ರಯೋಗದ ಫಲಿತಾಂಶವನ್ನು ನನಗೆ ಹೇಳಬೇಕಾಯಿತು. ಕಾರಿಗೆ ಇವನ್ನು ಜೋಡಿಸಿಕೊಡುವವರಿಗೂ ಒಂದು ಮಾತು: ಕೆಲಸ ಮುಗಿದ ಮೇಲೆ ಗಿರಾಕಿಯನ್ನು ಒಳಗೆ ಕೂರಿಸಿ ಕೇಳಿಸುವ ಹಾಗೆಯೇ, ಬಾಗಿಲು ಮುಚ್ಚಿ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿಯೂ ಕೇಳಿಸಿರಿ. ಫ್ಯೂಸನ್ನು ಮರೆಯಬೇಡಿ.

ಫಿಲ್ಟರಿನಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ಪ್ರಾಮಾಣಿಕವಾಗದು. ಸಬ್‌ವೂಫರಿನ ಫಿಲ್ಟರು ಮಂದ್ರವನ್ನು ತಡೆಯುವುದಿಲ್ಲ, ಮಂದ್ರವನ್ನೇ ಬಿಡುತ್ತದೆ. ಅದು ಸರಿಯಿದ್ದರೆ ಕಡಿಮೆ ಸದ್ದಿನಲ್ಲಿ ತೃಪ್ತಿ ಸಿಗುತ್ತದೆ, ಅಷ್ಟೆ. ಉಳಿದದ್ದು ಹುಡುಗನ ಕೈಯಲ್ಲಿದೆ. ಆಂಪ್ಲಿಫಯರಿನಿಂದ ಒಂದು ಉದ್ದನೆಯ ತಂತಿಯನ್ನು ತಂದು ಸ್ಟೀರಿಂಗಿನ ಪಕ್ಕದಲ್ಲಿ ಅವನು ಪುಟ್ಟ ತಿರುಪೊಂದನ್ನು ಕೂರಿಸಿಕೊಂಡಿದ್ದಾನೆ. ಶಿವಾನಂದ ವೃತ್ತದಿಂದ ನಮ್ಮ ಕಡೆಗೆ ತಿರುಗಿದೊಡನೆ ಸಬ್‌ವೂಫರನ್ನು ಸೊನ್ನೆಗೆ ತರುತ್ತಾನೆ. ಒಮ್ಮೊಮ್ಮೆ ಮರೆಯುತ್ತಾನೆ, ಆಗ ನಮ್ಮ ಮನೆಯ ಶೋಕೇಸಿನ ಲೋಟಗಳು ನನಗೆ ತಿಳಿಸುತ್ತವೆ, ನಾನು ಅವನಿಗೆ ತಿಳಿಸುತ್ತೇನೆ.

ಹೋದ ವಾರ ಎದುರು ಮನೆಯವರು ಮತ್ತೆ ಬಂದಿದ್ದರು. ಕುಳಿತರು, ಕಾಫಿಯಾಯಿತು, ಮಳೆಯ ಮಾತಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳತೊಡಗಿದರು. ನಾನು ಉಸಿರು ಬಿಗಿಹಿಡಿದು ಕಾದೆ. "ಮೊಮ್ಮಗನಿಗೆ ಪರೀಕ್ಷೆ ಯಾವಾಗ?" ಎಂದು ಕೇಳಿ, ಮೆಟ್ಟಿಲಿಳಿದು ಹೋದರು.